ಬಣ್ಣದ ಯಜಮಾನ ಯಾರು?

ಹೂವಿನಲ್ಲಿ ಇಲ್ಲದ ಬಣ್ಣವೊಂದು ಕಂಡರೆ ಇದನ್ನು ಯಾರು ಮಾಡಿದರು ಅಂತ ಕೇಳುತ್ತೇವೆ. ಮಾಡಿದವರು ಗೊತ್ತಾದರೆ ಅದು ಯಾರದು ಅನ್ನೋದೂ ತೀರ್ಮಾನ ಆಯ್ತು ಅಂತ ನಮ್ಮ ಲೆಕ್ಕ. ಮಡಕೆ ಮಾಡಿದವನದು ಮಡಕೆ, ನೇಯ್ದವನದು ಕಂಬಳಿ. ಹೂವಿನ ವಿಷಯಕ್ಕೆ ಬಂದರೆ ಈ ಲೆಕ್ಕ ಕೂಡಿಬರೋದಿಲ್ಲ ಅಂತ ನನಗೆ ಅನ್ನಿಸುತ್ತೆ. ಯಾಕೆ ಅಂತ ಹೇಳ್ತೀನಿ.

ನಮ್ಮ ಹೊಸೂರು ಸೀಮೆಯಲ್ಲಿ ಇದು ಜಗಲಿ ಮೇಲೆ ಕೂತು ಆಡುವ ಬರೀ ಮಾತಲ್ಲ. ಬಾಗಲೂರು, ಕೆಳಮಂಗಲ, ತಳಿ ಕಡೆ ಹೋದರೆ ದಾರಿಯುದ್ದಕ್ಕೂ ಪಾಲಿಹೌಸು. (ಊರಿನ ಹೆಸರೇ ತಳಿ, ಗಿಡದ ತಳಿಗೂ ಅದಕ್ಕೂ ನಂಟಿಲ್ಲ. ಬರೆಯುವಾಗ ನಗು ಬಂತು, ಅಷ್ಟೆ.) ಅಲ್ಲಿಯ ಗುಲಾಬಿ ಫೆಬ್ರವರಿ ತಿಂಗಳಲ್ಲಿ ವಿಮಾನ ಹತ್ತುತ್ತೆ. ಅಂಥ ಗಿಡ ಬಹಳಷ್ಟು ಹೊರದೇಶದವರು ಕಟ್ಟಿದ ತಳಿ. ಗಿಡದ ಬೆಲೆ ಬೇರೆ, ತಳಿ ಕಟ್ಟಿದವರಿಗೆ ಕೊಡೋ ರಾಯಲ್ಟಿ ಬೇರೆ. ಅದೇ ದಾರಿಯಲ್ಲಿ ಬೇಲಿ ಪಕ್ಕ ಕನಕಾಂಬರದ ಸಾಲು ನೋಡಿ. ಡೆಲ್ಲಿ ಕನಕಾಂಬರ ಅನ್ನೋದು ಬೀಜ ಕಟ್ಟೋದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಅಂದರೆ ನಮ್ಮ ಹೊಲಗಳಲ್ಲಿ ಇರೋ ಒಂದೊಂದು ಗಿಡವೂ ಯಾರೋ ಕತ್ತರಿಸಿ ಇನ್ನೊಬ್ಬರ ಕೈಗೆ ಕೊಟ್ಟ ಕಡ್ಡಿಯಿಂದಲೇ ಬಂದದ್ದು. ಒಂದೇ ದಾರಿಯಲ್ಲಿ ಎರಡು ನ್ಯಾಯ.

ಮೂರು ವರ್ಷದ ಹಿಂದೆ ನನ್ನ ಬಿಳಿ ಸೇವಂತಿಗೆ ಹೊಲದಲ್ಲಿ ಒಂದು ಗಿಡದ ಒಂದೇ ಟೊಂಗೆ ತುಪ್ಪದ ಬಣ್ಣದ ಹೂ ಬಿಟ್ಟಿತು. ಮಿಕ್ಕ ಟೊಂಗೆಯೆಲ್ಲಾ ಬಿಳಿಯೇ. ಹೂ ಕೀಳೋ ಹೆಣ್ಣಾಳುಗಳು ಅದನ್ನೂ ಕಿತ್ತು ಮಂಕರಿಗೆ ಹಾಕುವವರಿದ್ದರು, ಬೇಡ ಅಂದೆ. ಟೊಂಗೆಗೆ ಬಾಳೆನಾರು ಕಟ್ಟಿ ಗುರುತು ಮಾಡಿದೆ. ಹೂ ಮುಗಿದ ಮೇಲೆ ಆ ಟೊಂಗೆಯಲ್ಲೇ ಬಂದ ಚಿಗುರು ಕತ್ತರಿಸಿ ನೆಟ್ಟೆ. ಬುಡದಿಂದ ಮರಿ ತೆಗೆದರೆ ಮತ್ತೆ ಬಿಳಿಯೇ ಬರುತ್ತೆ, ಬದಲಾದ ಟೊಂಗೆಯಿಂದಲೇ ತೆಗೀಬೇಕು. ಹದಿನಾಲ್ಕು ನೆಟ್ಟದ್ದರಲ್ಲಿ ಒಂಬತ್ತು ಬೇರು ಬಿಟ್ಟವು. ಎರಡು ವರ್ಷಕ್ಕೆ ನಾಲ್ಕು ಸಾಲು ಆಯ್ತು. ಮಂಡಿಯಲ್ಲಿ ಕನ್ನಡದವರು ಸೇವಂತಿಗೆ, ತಮಿಳಿನವರು ಸಾಮಂದಿ, ತೆಲುಗಿನವರು ಚಾಮಂತಿ ಅಂತ ಮೂರು ಬಾಯಲ್ಲಿ ಕೇಳಿದರು, ಇದೆಲ್ಲಿಂದ ತಂದೆ ಅಂತ.

ನನಗೂ ಅದೇ ಪ್ರಶ್ನೆ. ತೋಟಗಾರಿಕೆ ಓದಿದ ನಮ್ಮ ನಂಟರ ಹುಡುಗ ಬಿಡಿಸಿ ಹೇಳಿದ. ಬಿಳಿ ಸೇವಂತಿಗೆಯಲ್ಲಿ ಹಳದಿ ಬಣ್ಣ ಕೂಡಿಬರೋ ದಾರಿ ಮೊದಲೇ ಇರುತ್ತಂತೆ. ಆ ಹಳದಿಯನ್ನು ಒಡೆದು ಹಾಕೋ ಒಂದು ಗುಣವೂ ಎಸಳಿನಲ್ಲೇ ಇರುತ್ತೆ, ಅದಕ್ಕೇ ನಮಗೆ ಬಿಳಿ ಕಾಣುತ್ತೆ. ಚಿಗುರಿನ ತುದಿಯಲ್ಲಿ ಆ ಗುಣ ತಪ್ಪಿಹೋದರೆ ಹಳದಿ ಉಳಿದುಕೊಳ್ಳುತ್ತೆ. ಇದನ್ನು ಕೇಳಿ ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾವು ಹೊಸದು ಅಂದದ್ದು ಹಳೆಯದರ ಒಳಗೇ ಬಾಯಿ ಮುಚ್ಚಿಕೊಂಡು ಕೂತಿತ್ತು. ಹಾಗಾದರೆ ನಾನು ಮಾಡಿದ್ದೇನು? ನೋಡಿದೆ. ಕೀಳಬೇಡಿ ಅಂದೆ. ನಾರು ಕಟ್ಟಿದೆ.

ನನ್ನ ಮಗ ಕಂಪನಿ ಕೆಲಸಕ್ಕೆ ಹೋಗ್ತಾನೆ, ಲೆಕ್ಕ ಬಲ್ಲವನು. "ಅಪ್ಪಾ, ನೋಡೋದೇ ಕೆಲಸ. ಅಷ್ಟು ಜನ ಕಿತ್ತರು, ಯಾರು ನೋಡಿದರು? ಒಂದು ಮರಿಯನ್ನೂ ಹೊರಗೆ ಬಿಡಬೇಡ" ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯವಂತೂ ಇದೆ. ಅಮೆರಿಕದಲ್ಲಿ ಬರ್ಪಿ ಅನ್ನೋ ಬೀಜದ ಕಂಪನಿಯವರು 1954ರಲ್ಲಿ ಒಂದು ಬಹುಮಾನ ಸಾರಿದರು, ಬಿಳಿ ಚೆಂಡುಹೂವಿನ ಬೀಜ ಕಳಿಸಿದವರಿಗೆ 10,000 ಡಾಲರ್ ಅಂತ. ಚೆಂಡುಹೂ ಅಂದರೆ ಹಳದಿ, ಕೇಸರಿ, ಬಿಳಿ ಎಲ್ಲಿಂದ ಬರಬೇಕು? ವರ್ಷಾ ವರ್ಷಾ ಎಲ್ಲಕ್ಕಿಂತ ತೆಳು ಬಣ್ಣದ ಹೂವಿನ ಬೀಜ ಆರಿಸಿ ಮತ್ತೆ ಬಿತ್ತಬೇಕು, ಇದೇ ದಾರಿ. 1975ರಲ್ಲಿ ಆ ಹಣ ಗೆದ್ದವರು ಅಯೋವಾ ರಾಜ್ಯದ ಸಲ್ಲಿ ಅನ್ನೋ ಸಣ್ಣ ಊರಿನ ಆಲಿಸ್ ವಾಂಕ್ ಅನ್ನೋ ಅಜ್ಜಿ. ಕಾಲೇಜಿನ ವಿಜ್ಞಾನಿ ಅಲ್ಲ. ಇಪ್ಪತ್ತು ವರ್ಷದ ಕಣ್ಣಿನ ಕೂಲಿ ಅದು. ಆ ಕೂಲಿ ಹೆಚ್ಚಾಯ್ತು ಅಂತ ನಾನು ಅನ್ನಲಾರೆ.

ಮಗ ಇನ್ನೂ ಗಟ್ಟಿಯಾದ ಉದಾಹರಣೆ ತಂದ, ನೀಲಿ ಗುಲಾಬಿ. ಗುಲಾಬಿಯೊಳಗೆ ನೀಲಿ ಅಡಗಿ ಕೂತಿಲ್ಲ, ನೀಲಿ ಮಾಡೋ ಗುಣವೇ ಅದಕ್ಕಿಲ್ಲ. ಜಪಾನಿನ ಸಂಟೋರಿ ಕಂಪನಿಯವರು ಆಸ್ಟ್ರೇಲಿಯಾದವರ ಜೊತೆ ಸೇರಿ 1990ರಲ್ಲಿ ಶುರು ಮಾಡಿ, ಪ್ಯಾನ್ಸಿ ಅನ್ನೋ ಹೂವಿನಿಂದ ಆ ಗುಣವನ್ನು ತಂದು ಗುಲಾಬಿಗೆ ಸೇರಿಸಿ, 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟರು. ಫೋಟೋ ನೋಡಿದೆ. ನಮ್ಮ ಕಣ್ಣಿಗೆ ಅದು ನೀಲಿ ಅಲ್ಲ, ಮಾಸಿದ ನೇರಳೆ. ಇರಲಿ. "ಇದನ್ನಂತೂ ಮನುಷ್ಯನೇ ಮಾಡಿದ್ದು ತಾನೆ?" ಅಂದ ಮಗ. ಹೌದು, ಇಲ್ಲಿ ಮಾಡಿದ್ದು ಜಾಸ್ತಿ, ನೋಡಿದ್ದು ಕಡಿಮೆ. ಅಷ್ಟು ವರ್ಷದ ಖರ್ಚು ಅವರಿಗೆ ವಾಪಸು ಬರೋದು ನ್ಯಾಯವೇ. ಆದರೆ ಪ್ಯಾನ್ಸಿಗೆ ಆ ಗುಣ ಕೊಟ್ಟವರು ಯಾರು? ಮನೆ ಕಟ್ಟಿದವನಿಗೆ ಬಾಡಿಗೆ ಕೊಡಬಹುದು, ನೆಲದಡಿಯ ನೀರೂ ನನ್ನದೇ ಅಂದರೆ ಒಪ್ಪೋದು ಕಷ್ಟ.

ಪದ ಹಾಡುವವನಾಗಿ ನನಗೆ ಇದು ಬೇರೆ ಕಡೆಯಿಂದ ಗೊತ್ತು. ಕೋಲಾಟದ ಪದ ನಮ್ಮ ಸೋದರಮಾವನಿಂದ ಕಲಿತೆ, ಅವರು ಯಾರಿಂದಲೋ. ಒಂದು ಪದಕ್ಕೆ ನಾನು ಎರಡು ಸಾಲು ಸೇರಿಸಿದೆ, ಧಾಟಿ ಒಂದು ಕಡೆ ಎಳೆದೆ. ಈಗ ಮೂರು ಊರಿನಲ್ಲಿ ಹಾಗೇ ಹಾಡ್ತಾರೆ. ಸೇರಿಸಿದವನು ನಾನು ಅಂತ ಅಲ್ಲಿಯ ಹುಡುಗರಿಗೆ ಗೊತ್ತಿಲ್ಲ, ಕೇಳಿದಾಗ ಖುಷಿಯೇ ಆಗುತ್ತೆ. ಒಬ್ಬರು ಮಾತ್ರ ಬಂದು ಫೋನಿನಲ್ಲಿ ಹಿಡಿದುಕೊಂಡು ಹೋಗಿ, ಸಾಹಿತ್ಯ ತಮ್ಮದೇ ಅಂತ ಹಾಕಿಕೊಂಡರು. ಆಮೇಲೆ ನಮ್ಮ ಮೇಳದ ಹುಡುಗರು ಜಾತ್ರೇಲಿ ಅದೇ ಪದ ಹಾಡಿದ್ದಕ್ಕೆ, ಕೇಳದೆ ಯಾಕೆ ಹಾಡಿದಿರಿ ಅಂದರಂತೆ. ತಗೊಂಡದ್ದು ನನಗೆ ನೋಯಲಿಲ್ಲ. ಬಾಗಿಲು ಹಾಕಿದ್ದು ನೋಯ್ತು. ನನಗೂ ಯಾರೋ ಬಾಗಿಲು ತೆರೆದಿಟ್ಟಿದ್ದಕ್ಕೇ ಆ ಪದ ನನ್ನ ತನಕ ಬಂತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಾನು ಅಂದುಕೊಂಡದ್ದಕ್ಕಿಂತ ವಾಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ. ಹೊಸ ತಳಿ ಕಟ್ಟಿದವರು ನೋಂದಾಯಿಸಬಹುದು, ರೈತನೂ ನೋಂದಾಯಿಸಬಹುದು. ಸೇವಂತಿಗೆಯಂಥ ಬೆಳೆಗೆ ಹೆಚ್ಚೆಂದರೆ 15 ವರ್ಷ ರಕ್ಷಣೆ. ಆದರೆ ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಎತ್ತಿಡಬಹುದು, ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು, ಮಾರಲೂಬಹುದು. ಬ್ರಾಂಡಿನ ಹೆಸರು ಹಾಕಿ ಮಾರಬಾರದು, ಅಷ್ಟೆ. ಆ ತಳಿಯನ್ನು ಇಟ್ಟುಕೊಂಡು ಇನ್ನೊಂದು ಹೊಸ ತಳಿ ಕಟ್ಟೋದಕ್ಕೂ ಅಡ್ಡಿಯಿಲ್ಲ. ಕೂಲಿ ಇದೆ, ಬೀಗ ಇಲ್ಲ. ಇದನ್ನು ಬರೆದವರು ಯಾರೋ, ಹೊಲ ಕಂಡವರು.

ಪಕ್ಕದ ಹೊಲದಾಕೆ ವರಸೆಯಲ್ಲಿ ನನಗೆ ನಾದಿನಿ. "ಭಾವ, ನನಗೂ ಒಂದಷ್ಟು ಮರಿ ಕೊಡಿ" ಅಂತ ಬಂದಳು. ಗಂಡ ಇಲ್ಲ, ಇರೋದು ಇಪ್ಪತ್ತು ಗುಂಟೆ. ಮರಿಗೆ ಎರಡು ರೂಪಾಯಿಯಂತೆ ಇನ್ನೂರು ಮರಿಗೆ ನಾನೂರು ತಗೊಂಡೆ. ಪುಕ್ಕಟೆ ಕೊಟ್ಟರೆ ನನ್ನ ಎರಡು ವರ್ಷಕ್ಕೆ ಬೆಲೆಯಿಲ್ಲ ಅಂತ ನಾನೇ ಹೇಳಿಕೊಂಡ ಹಾಗೆ. ಕೊಡೋದೇ ಇಲ್ಲ ಅಂದರೆ ಕನಕಾಂಬರದ ಕಡ್ಡಿ ಕೊಟ್ಟವರ ಮುಖ ನೆನೆಯೋದು ಹೇಗೆ? ಆಮೇಲೆ ಅವಳು ಯಾರಿಗೆ ಕೊಟ್ಟಳು, ಎಷ್ಟಕ್ಕೆ ಮಾರಿದಳು, ಕೇಳಲಿಲ್ಲ. ಮಗ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನಿಗೆ ಸಾಲ ತೀರಿಸೋ ಚಿಂತೆ, ಅದೂ ಸುಳ್ಳಲ್ಲ.

ಹೋದ ಕಾರ್ತಿಕದಲ್ಲಿ ಅವಳ ಹೊಲದಲ್ಲಿ ತುಪ್ಪದ ಬಣ್ಣದ ಏಳೆಂಟು ಗಿಡದ ಒಂದೊಂದು ಟೊಂಗೆ ತಿರುಗಿ ಬಿಳಿ ಹೂ ಬಿಟ್ಟವು. ಹೀಗೆ ಬಂದ ಬಣ್ಣ ಹಾಗೇ ಹಿಂದಕ್ಕೂ ಹೋಗೋದುಂಟು. "ಈಗ ಈ ಟೊಂಗೆ ಯಾರದಪ್ಪಾ, ನಂದೋ ಅವಳದೋ?" ಅಂತ ಮಗನನ್ನು ಕೇಳಿದೆ. ಅವನು ನಕ್ಕುಬಿಟ್ಟ. ಕತ್ತರಿಸಿ ಹಾಕಮ್ಮಾ ಅಂತ ಅವಳಿಗೆ ಹೇಳಿದೆ. ಅವಳು ಕತ್ತರಿಸಲಿಲ್ಲ, ಆ ವಾರ ಮಂಡಿಯಲ್ಲಿ ಬಿಳಿಗೇ ರೇಟು ಜಾಸ್ತಿ ಇತ್ತು.