ದೇಶಾಂತರ ಸಂಸ್ಕಾರ

ಕಾಲವು ಎಲ್ಲರಿಗೂ ಸಮಾನವೆಂದು ಹೇಳುವ ವಾಡಿಕೆಯುಂಟು. ಅರಸನಿಗೂ ಆಳಿಗೂ ದಿನವೊಂದಕ್ಕೆ ಅರವತ್ತೇ ಘಳಿಗೆ ಎಂಬ ಅರ್ಥದಲ್ಲಿ ಆ ಮಾತು ನಿಜವೇ ಸರಿ. ಆದರೆ ಒಂದೇ ಕ್ಷಣವು ಒಬ್ಬನಿಗೆ ಊಟದ ಹೊತ್ತೂ ಇನ್ನೊಬ್ಬನಿಗೆ ನಡುರಾತ್ರಿಯೂ ಆಗಿರುವಾಗ, ಅವರಿಬ್ಬರೂ ಕೂಡಿ ಒಂದು ಕಾರ್ಯವನ್ನು ನಡೆಸಬೇಕಾದರೆ ಯಾರ ಹೊತ್ತಿಗೆ ಯಾರು ಹೊಂದಿಕೊಳ್ಳತಕ್ಕದ್ದು? ಮೇಲುನೋಟಕ್ಕೆ ಇದು ಗಣಿತದ ಪ್ರಶ್ನೆಯಂತೆ ತೋರುವದು. ವಿಚಾರಿಸಿ ನೋಡಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಯು ಈಗ ಪರರಾಜ್ಯದ ಸುದ್ದಿಯಾಗಿ ಉಳಿದಿಲ್ಲ. ಅರಕೇರಿ, ತಿಕೋಟಾ, ಬಬಲೇಶ್ವರಗಳ ಈ ಬರದ ಸೀಮೆಯಿಂದ ಜನರು ಅನ್ನಕ್ಕಾಗಿ ಹೊರಗೆ ಹೋಗುವದು ಹೊಸದಲ್ಲ. ಹಿಂದೆ ಮುಂಬಯಿಗೆ ಹೋದಂತೆ ಈಗ ವಿದ್ಯೆ-ಉದ್ಯೋಗಗಳ ನಿಮಿತ್ತವಾಗಿ ಸಮುದ್ರದಾಚೆಗೂ ಹೋಗುತ್ತಾರೆ. ಹೋದವರೂ ಉಳಿದವರೂ ಅಂತರಜಾಲದ ಸಹಾಯದಿಂದ ಕೂಡಿ ವಚನಗಳನ್ನು ಓದುವದು, ಗ್ರಂಥಗಳನ್ನು ಚರ್ಚಿಸುವದು, ಊರ ಶಾಲೆಗೆ ನೆರವನ್ನು ಯೋಚಿಸುವದು ಸಾಧ್ಯವಾಗಿದೆ. ಇಂಥ ಕೂಟವೊಂದು ರವಿವಾರ ರಾತ್ರಿ 8 ಗಂಟೆಗೆ ಸಭೆಯನ್ನು ಗೊತ್ತುಪಡಿಸಿತೆಂದು ತಿಳಿಯಿರಿ. ಆಗ ಲಂಡನ್ನಿನಲ್ಲಿ ಋತುವಿಗನುಸಾರವಾಗಿ ಮಧ್ಯಾಹ್ನದ 2-30 ಅಥವಾ 3-30; ನ್ಯೂಯಾರ್ಕಿನಲ್ಲಿ ಮುಂಜಾನೆಯ 9-30 ಅಥವಾ 10-30. ಇವರಿಗೆಲ್ಲ ಅನುಕೂಲವೇ. ಆದರೆ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ರಾತ್ರಿ ಹನ್ನೆರಡೂವರೆ, ಇಲ್ಲವೆ ಒಂದೂವರೆ. ಬೆಳಗಾದರೆ ಕೆಲಸಕ್ಕೆ ಹೊರಡಬೇಕಾದ ಅಲ್ಲಿಯ ಸೋದರಿಯು ಮೊದಲೆರಡು ಸಭೆಗಳಿಗೆ ಕಣ್ಣುಜ್ಜಿಕೊಳ್ಳುತ್ತ ಬರುವಳು, ಮೂರನೆಯದಕ್ಕೆ ಬರಲಾರಳು. ಆಗ ಉಳಿದವರು, "ಆಕೆಗೆ ಈಗ ಆಸಕ್ತಿಯಿಲ್ಲ" ಎಂದುಬಿಡುವರು. ಅನ್ಯಾಯವು ಇಲ್ಲಿಯೇ ಹುಟ್ಟುವದು. ಭೂಮಿಯು ದುಂಡಗಿರುವದು ಯಾರ ತಪ್ಪೂ ಅಲ್ಲ. ಆದರೆ ಭೂಮಿಯ ದೆಸೆಯಿಂದಾದ ಗೈರುಹಾಜರಿಯನ್ನು ಮನಸ್ಸಿನ ಉದಾಸೀನವೆಂದು ಎಣಿಸುವದು ನಮ್ಮ ತಪ್ಪು.

ಇದರ ಪರಿಹಾರವನ್ನು ಹುಡುಕುವ ಮುಂಚೆ ನಮ್ಮ ಗಡಿಯಾರದ ಪೂರ್ವವೃತ್ತಾಂತವನ್ನು ಕೊಂಚ ನೋಡುವದು ಒಳ್ಳೆಯದು. ನಮ್ಮ ಪ್ರಾಚೀನ ಜ್ಯೋತಿಷಿಗಳು ಲಂಕೆ-ಉಜ್ಜಯಿನಿಗಳ ಮೇಲೆ ಹಾಯುವ ರೇಖೆಯನ್ನು ಭೂಮಿಯ ಮಧ್ಯರೇಖೆಯೆಂದು ಹಿಡಿದು ಗ್ರಹಗಣಿತವನ್ನು ಮಾಡುತ್ತಿದ್ದರು. ಆ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರಿನವನು ತನ್ನ ದೂರಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗುತ್ತಿತ್ತು. ಈ ತಿದ್ದುವಿಕೆಗೆ ದೇಶಾಂತರ ಸಂಸ್ಕಾರವೆಂದು ಹೆಸರು. ಉಜ್ಜಯಿನಿಯ ಪೂರ್ವ ರೇಖಾಂಶವು ಸುಮಾರು 75.8, ವಿಜಯಪುರದ್ದು ಸುಮಾರು 75.7. ಅಂದರೆ ಆ ಕಾಲದ ಲೆಕ್ಕದಲ್ಲಿ ನಮ್ಮ ಸೀಮೆಯು ಬಹುಮಟ್ಟಿಗೆ ಜಗತ್ತಿನ ಮಧ್ಯರೇಖೆಯ ಮೇಲೆಯೇ ಇತ್ತು; ತಿದ್ದಿಕೊಳ್ಳುವ ಶ್ರಮವು ನಮಗಿರದೆ ಪರರಿಗಿತ್ತು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ರಾಷ್ಟ್ರಗಳ ಪರಿಷತ್ತು ಆ ಗೌರವವನ್ನು ಇಂಗ್ಲಂಡದ ಗ್ರೀನಿಚ್ಚಿಗೆ ಕೊಟ್ಟಿತು. 1906ರ ಜನವರಿ 1ರಿಂದ 82½ ಅಂಶದ ರೇಖೆಗೆ ಅನುಸರಿಸಿ ಭಾರತದ ಸ್ಟ್ಯಾಂಡರ್ಡ್ ಟೈಮ್ ನಡೆಯತೊಡಗಿತು. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕಿಸಿದರೆ ಅರಕೇರಿಯ ಸೂರ್ಯನು ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದುಳಿದನು. ಸೂರ್ಯನು ನಡೆವ ದಾರಿ ಬದಲಾಗಲಿಲ್ಲ. ಮನುಷ್ಯರ ಒಪ್ಪಂದವು ಮಾತ್ರ ಬದಲಾಯಿತು. ಆದಕಾರಣ ಮಧ್ಯವೆಂಬದು ಯಾರ ಸ್ವಂತ ಆಸ್ತಿಯೂ ಅಲ್ಲ.

ಆ ಒಪ್ಪಂದವೂ ಸುಲಭವಾಗಿ ಆದದ್ದಲ್ಲ. ಮುಂಬಯಿಯ ಸ್ಥಳೀಯ ವೇಳೆಯು ಹೊಸ ವೇಳೆಗಿಂತ 39 ನಿಮಿಷ ಹಿಂದಿತ್ತು. ಗಿರಣಿಗಳು ಹೊಸ ಗಡಿಯಾರವನ್ನು ಅನುಸರಿಸಿದರೆ ಕಾರ್ಮಿಕರು ಸೂರ್ಯನ ಲೆಕ್ಕದಲ್ಲಿ ಅಷ್ಟು ಬೇಗ ಏಳಬೇಕು. ಆದ್ದರಿಂದ 1906ರ ಜನವರಿಯಲ್ಲಿಯೇ ಅಲ್ಲಿಯ ಕಾರ್ಮಿಕರು ಪ್ರತಿಭಟಿಸಿದರು. ನಗರದಲ್ಲಿ ಹಳೆಯ ಮುಂಬಯಿ ವೇಳೆಯು 1955ರ ವರೆಗೂ ಬಳಕೆಯಲ್ಲಿ ಉಳಿಯಿತು. ಇದನ್ನು ಬರಿಯ ಹಟವೆಂದು ನಗುವದು ಸರಿಯಲ್ಲ. ಏಳಬೇಕಾದವರನ್ನು ಕೇಳದೆ ಏಳುವ ಹೊತ್ತನ್ನು ಗೊತ್ತುಪಡಿಸಿದರೆ ಯಾರಿಗಾದರೂ ನೋವಾಗದೆ ಇರದು. ಇತ್ತ ಆಸಾಮದ ಚಹದ ತೋಟಗಳಲ್ಲಿ ಬೆಳಗು ಬೇಗನೆ ಆಗುವದೆಂದು ಗಡಿಯಾರವನ್ನು ಒಂದು ತಾಸು ಮುಂದಿಟ್ಟುಕೊಂಡರು. ಎರಡನೆಯ ಮಹಾಯುದ್ಧದಲ್ಲಿ 1942ರಿಂದ 1945ರ ವರೆಗೆ ದೇಶದ ಗಡಿಯಾರವನ್ನೇ ಒಂದು ತಾಸು ಮುಂದಕ್ಕೆ ತಿರುಗಿಸಿದರು. ವ್ಯಾಪಾರಕ್ಕಾಗಿ, ಯುದ್ಧಕ್ಕಾಗಿ ತಿರುಗಿದ ಮುಳ್ಳು ಸ್ನೇಹಕ್ಕಾಗಿ ತಿರುಗಲಾರದೆ?

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಐವತ್ತು ಜನರ ಅನುಕೂಲವನ್ನು ಒಬ್ಬಳಿಗಾಗಿ ಕೆಡಿಸುವದು ಯಾವ ನ್ಯಾಯ? ಎಂಬದು ಮೊದಲನೆಯದು. ಬಹುಮತವು ಒಂದು ಸಂಗತಿಯನ್ನು ನಿರ್ಣಯಿಸುವದಕ್ಕೆ ಒಳ್ಳೆಯ ಸಾಧನವು. ಒಂದೇ ಹೊರೆಯನ್ನು ಒಬ್ಬರ ಹೆಗಲ ಮೇಲೆಯೇ ಸದಾಕಾಲ ಹೊರಿಸುವದಕ್ಕೆ ಅದು ಅಧಿಕಾರವನ್ನು ಕೊಡಲಾರದು. ಒಂದೇ ಬಾವಿಯಲ್ಲಿ ಪಾಲುಳ್ಳ ಅಣ್ಣತಮ್ಮಂದಿರು ನೀರಿನ ಪಾಳಿಯನ್ನು ಹಚ್ಚಿಕೊಳ್ಳುವ ರೀತಿಯನ್ನು ಒಕ್ಕಲುಮಕ್ಕಳು ಬಲ್ಲರು. ರಾತ್ರಿಯ ಪಾಳಿ ಯಾರಿಗೂ ಬೇಡ. ಚಳಿಯುಂಟು, ಹಾವು-ಚೇಳುಗಳ ಅಂಜಿಕೆಯುಂಟು. ಹಾಗೆಂದು ಮೂವರು ಅಣ್ಣಂದಿರು ಕೈಯೆತ್ತಿ ರಾತ್ರಿಯ ಪಾಳಿಯನ್ನು ಕಿರಿಯ ತಮ್ಮನಿಗೇ ಎಂದೆಂದಿಗೂ ಕಟ್ಟಿದರೆ ಊರ ಹಿರಿಯರು ಅದನ್ನು ನ್ಯಾಯವೆಂದಾರೆ? ಪಾಳಿಯು ತಿರುಗಬೇಕು. ಸಭೆಯ ಹೊತ್ತೂ ಹಾಗೆಯೇ ತಿರುಗಲಿ. ಮೂರು ತಿಂಗಳಿಗೊಮ್ಮೆಯಾದರೂ ವಿಜಯಪುರದವರು ನಸುಕಿನಲ್ಲಿ ಎದ್ದು ಕೂಡಲಿ.

ಹೋದವರು ತಮ್ಮ ಇಚ್ಛೆಯಿಂದ ಹೋದರು, ತೊಂದರೆಯನ್ನು ಅವರೇ ತಾಳಲಿ ಎಂಬದು ಎರಡನೆಯ ಆಕ್ಷೇಪಣೆಯು. ಆದರೆ ಕೂಟವೆಂಬದು ದಂಡ ವಿಧಿಸುವ ಕಚೇರಿಯಲ್ಲ. ದೂರ ಹೋಗಿಯೂ ಕನ್ನಡದ ನಾಲ್ಕು ಮಾತಿಗಾಗಿ ಹಂಬಲಿಸುವವರನ್ನು ದೂರ ಹೋದದ್ದಕ್ಕಾಗಿಯೇ ಹೊರಗಿಟ್ಟರೆ ಕೂಟದ ಉದ್ದೇಶವೇ ಕೆಟ್ಟಿತು.

ಆದರೂ ಈ ಸಂಸ್ಕಾರವು ಒಂದು ಪಕ್ಷದ ಕರ್ತವ್ಯವಲ್ಲ. ಅಮೇರಿಕದ ಮಗನು ತನಗೆ ಬಿಡುವು ದೊರೆತ ಹೊತ್ತಿನಲ್ಲಿ ಊರ ತಾಯಿಗೆ ಫೋನು ಮಾಡುವನು. ಇಲ್ಲಿ ಆಗ ನಡುರಾತ್ರಿ. ಮಗನ ದನಿಯನ್ನು ಕೇಳುವ ಆಶೆಯಿಂದ ಆ ತಾಯಿಯು ನಿದ್ದೆಗೆಟ್ಟು ಕಾಯುವಳು. "ಇನ್ನೂ ಮಲಗಿರಲಿಲ್ಲಪ್ಪಾ" ಎಂದು ಸುಳ್ಳನ್ನೂ ಆಡುವಳು. ಅವಳ ಪ್ರೀತಿಯು ದೊಡ್ಡದು. ಆದರೆ ಅದನ್ನು ಮಗನು ತನ್ನ ಅನುಕೂಲವನ್ನಾಗಿ ಮಾಡಿಕೊಳ್ಳಬಾರದು. ಮಾತಾಡುವ ಮೊದಲು "ಅಲ್ಲಿ ಈಗ ಹೊತ್ತೆಷ್ಟು?" ಎಂದು ಮನಸ್ಸಿನಲ್ಲಿ ಎಣಿಸುವವನೇ ನಿಜವಾದ ಆಪ್ತನು.

ಇನ್ನೊಂದು ಮಾತು. ಎಲ್ಲ ಕಾರ್ಯಗಳನ್ನೂ ಏಕಕಾಲಕ್ಕೆ ಕೂಡಿಯೇ ಮಾಡಬೇಕೆಂದಿಲ್ಲ. ನಮ್ಮ ಹಿರಿಯರು ಪತ್ರಗಳಿಂದಲೇ ಸ್ನೇಹಗಳನ್ನು ಸಾಕಿದರು. ಪತ್ರವು ಮಲಗಿದವರನ್ನು ಎಬ್ಬಿಸುವದಿಲ್ಲ. ಓದುವವನ ಬಿಡುವಿಗಾಗಿ ಅದು ತಾನೇ ಕಾದುಕೊಂಡಿರುವದು. ಆದ್ದರಿಂದ ಮಹತ್ವದ ನಿರ್ಣಯಗಳನ್ನು ಮೊದಲು ಬರೆದು ತಿಳಿಸಿ, ಭೂಮಿಯು ಒಂದು ಸುತ್ತು ಪೂರ್ತಿ ತಿರುಗಿ ಎಲ್ಲ ಸದಸ್ಯರಿಗೂ ಒಂದೊಂದು ಹಗಲು ಒದಗುವ ವರೆಗೆ ಮುಗಿಸಬಾರದೆಂಬ ನೇಮವನ್ನು ಕೂಟಗಳು ಇಟ್ಟುಕೊಳ್ಳುವದು ಯುಕ್ತವು. ಇಪ್ಪತ್ನಾಲ್ಕು ತಾಸುಗಳ ವಿಳಂಬದಿಂದ ಕೆಡುವ ಕಾರ್ಯಗಳು ಬಹಳಿಲ್ಲ. ಅವಸರದಿಂದ ಕೆಡುವ ಸ್ನೇಹಗಳು ಅನೇಕ.

ಜ್ಯೋತಿಷಿಯು ದೇಶಾಂತರ ಸಂಸ್ಕಾರವನ್ನು ಮರೆತರೆ ಗ್ರಹಣದ ಲೆಕ್ಕವು ತಪ್ಪುವದು. ಗೃಹಸ್ಥರಾದ ನಾವು ಮರೆತರೆ ಮನುಷ್ಯರ ಲೆಕ್ಕವು ತಪ್ಪುವದು. ತಾನಿದ್ದಲ್ಲಿಯೇ ಮಧ್ಯರೇಖೆಯೆಂದು ತಿಳಿಯುವದು ಸ್ವಭಾವವು. ಇನ್ನೊಬ್ಬರ ಆಕಾಶದಲ್ಲಿ ಸೂರ್ಯನು ಎಲ್ಲಿರುವನೆಂದು ಕೇಳಿಕೊಳ್ಳುವದು ಸಂಸ್ಕಾರವು.