ಸೂಜಿಗೆ ಸಿಕ್ಕ ಸಾಕ್ಷಿ

ಜೀವಜಾತಿಯ ರಕ್ಷಣೆಗಾಗಿ ಜೀವಿಯನ್ನು ಕೊಲ್ಲುವುದು ಧರ್ಮವೆ? ಕೀಟಗಳನ್ನು ಸೂಜಿಗೆ ಚುಚ್ಚಿಟ್ಟ ವಸ್ತುಸಂಗ್ರಹಾಲಯಗಳನ್ನು ಕಂಡ ಅಹಿಂಸಾಪರರು ಹೀಗೆ ಕೇಳುವುದು ಸಹಜವೇ ಸರಿ.

ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದಲ್ಲಿ ಅಂಗೈಯನ್ನು ತುಂಬುವಷ್ಟು ದೊಡ್ಡದಾದ, ಹಾರಲಾರದ ಕಡ್ಡಿಹುಳುವೊಂದಿದ್ದಿತು. 1918ರಲ್ಲಿ ಮಕಾಂಬೊ ಎಂಬ ಹಡಗು ಅಲ್ಲಿ ನೆಲಕ್ಕೆ ತಗುಲಿ ನಿಂತಾಗ ಇಳಿದ ಇಲಿಗಳು ಕೆಲವೇ ವರುಷಗಳಲ್ಲಿ ಆ ವಂಶವನ್ನು ದ್ವೀಪದಿಂದ ಅಳಿಸಿಬಿಟ್ಟುವು. 2001ರಲ್ಲಿ ಸಮೀಪದ ಬಾಲ್ಸ್ ಪಿರಮಿಡ್ ಎಂಬ, ಸುಮಾರು 550 ಮೀಟರ್ ಎತ್ತರದ ಬೋಳುಬಂಡೆಯ ಪೊದೆಯೊಂದರಲ್ಲಿ ಅಂಥ ಕೆಲವು ಹುಳುಗಳು ಕಂಡುವು. ಆದರೆ ರೂಪದಲ್ಲಿ ಇವು ಸಂಗ್ರಹಾಲಯದ ಹಳೆಯ ಹುಳುಗಳನ್ನು ಪೂರ್ಣವಾಗಿ ಹೋಲುತ್ತಿರಲಿಲ್ಲ. ಅವೇ ಇವು ಅಹುದೊ ಅಲ್ಲವೊ? ಅಲ್ಲವಾದರೆ, ದ್ವೀಪಕ್ಕೆ ಮರಳಿಸುವ ಹೆಸರಿನಲ್ಲಿ ಪರಕೀಯರನ್ನು ನೆಲೆಗೊಳಿಸಿದಂತಾಗುತ್ತಿತ್ತು. 2017ರಲ್ಲಿ ಪಂಡಿತರು ಆ ಒಣದೇಹಗಳ ಡಿ.ಎನ್.ಎ.ಯೊಡನೆ ಹೋಲಿಸಿ, ಎರಡೂ ಒಂದೇ ಜಾತಿಯೆಂದು ನಿರ್ಣಯಿಸಿದರು. ಸತ್ತವು ಬದುಕಿದವುಗಳ ಪರವಾಗಿ ಸಾಕ್ಷಿ ನುಡಿದುವು.

ಹಾಗೆಂದು ಕೊಂದ ಕೈ ಶುದ್ಧವಾಯಿತೆನ್ನಲಾಗದು. ಹಿಡಿದವನಿಗೆ ಈ ಫಲದ ಕನಸೂ ಇರಲಿಲ್ಲ. ನೂರು ವರುಷಗಳ ಅನಂತರದ ಪುಣ್ಯವನ್ನು ಅವನ ಸಂಕಲ್ಪಕ್ಕೆ ಲೇಪಿಸುವುದು ನ್ಯಾಯವಲ್ಲ. ಆದರೆ ಆ ದೇಹಗಳನ್ನು ಪಡೆದವರ ಮೇಲೆ ಋಣವೊಂದುಂಟು: ಎಲ್ಲಿ, ಎಂದು ಹಿಡಿದದ್ದೆಂಬ ಚೀಟಿಯನ್ನು ಕಾಪಾಡಿ ಪಟ್ಟಿಗೆ ಸೇರಿಸುವುದು. ಚೀಟಿ ಕಳೆದ ಹುಳು ಯಾವ ದ್ವೀಪಕ್ಕೂ ಸಾಕ್ಷಿಯಾಗಲಾರದು. ಬಂಡೆಯಿಂದಲಾದರೋ 2003ರಲ್ಲಿ ಎರಡೇ ಜೋಡಿಗಳನ್ನು, ಅದೂ ಜೀವಂತವಾಗಿಯೇ, ಸಾಕುವುದಕ್ಕಾಗಿ ಇಳಿಸಿ ತಂದರು.