ಇಂದಿನ ಚಿಂತನೆ: ಕೋವಿಯೋ, ಕಾವಲುಗಾರನೋ?



ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಯೋಚಿಸೋಣ. ನಗಬೇಡಿ, ಕೊನೆಯವರೆಗೆ ಓದಿ.

ಗೇಮ್‌ಗಳಲ್ಲಿ 'ಟವರ್ ಡಿಫೆನ್ಸ್' ಎಂಬ ಒಂದು ಬಗೆ ಇದೆ. ನಮ್ಮದೊಂದು ಜಾಗ ಇರುತ್ತದೆ. ಅದರ ಮೇಲೆ ಶತ್ರುಗಳು ಅಲೆ ಅಲೆಯಾಗಿ ಬರುತ್ತಾರೆ. ನಾವು ಗೋಪುರಗಳನ್ನು ಕಟ್ಟುತ್ತೇವೆ, ಅವು ತಾವಾಗಿಯೇ ಗುಂಡು ಹಾರಿಸುತ್ತವೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಲಕ್ಕಿ ಫ್ರೇಮ್ ಎಂಬ ಪುಟ್ಟ ತಂಡ 2012ರಲ್ಲಿ ಇಂಥದ್ದೊಂದನ್ನು ಹೊರತಂದಿತು. ಹೆಸರು 'ಬ್ಯಾಡ್ ಹೋಟೆಲ್'. ಚಿತ್ರಗಳು ತೀರಾ ಸರಳ. ಆಡುವವರು ಹೋಟೆಲ್ ಮಾಲೀಕರು. ಆ ಸೀಮೆಯ ದುಷ್ಟನೊಬ್ಬ ಹೋಟೆಲನ್ನು ಕೆಡವಲು ಕಡಲಹಕ್ಕಿಗಳನ್ನೂ ಇಲಿಗಳನ್ನೂ ಕಳಿಸುತ್ತಾನೆ. ನಾವು ಕೋಣೆಗೆ ಕೋಣೆ ಜೋಡಿಸುತ್ತಾ ಹೋಟೆಲನ್ನು ಉಳಿಸಿಕೊಳ್ಳಬೇಕು. ಕೆಲವು ಕೋಣೆಗಳು ದುಡ್ಡು ತರುತ್ತವೆ, ಕೆಲವು ಗುಂಡು ಹಾರಿಸುತ್ತವೆ. ವಿಶೇಷ ಏನೆಂದರೆ, ಕೋಣೆಗಳೆಲ್ಲ ಸ್ವರ ಹೊರಡಿಸುತ್ತವೆ. ಕಟ್ಟಿದ ಹಾಗೆಲ್ಲ ಸಂಗೀತ ಹುಟ್ಟುತ್ತದೆ. ನಮ್ಮ ಕೋಟೆಯೇ ನಮ್ಮ ವಾದ್ಯ.

ಇಂಥ ಆಟ ಆಡುವವರ ಅಭಿಪ್ರಾಯ ಎರಡು ದಿಕ್ಕಿಗೆ ಹೋಗುತ್ತದೆ. ಗೆಲುವು ಸೋಲು ಹಾಗಿರಲಿ, ಆ ಸಂಗೀತಕ್ಕಾಗಿಯೇ ಆಡಬೇಕು ಎನ್ನುವವರು ಕೆಲವರು. ಹಕ್ಕಿಗಳು ಮುತ್ತಿಕೊಂಡಾಗ ಸಂಗೀತ ಕೇಳಲು ಯಾರಿಗೆ ಪುರುಸೊತ್ತು ಎನ್ನುವವರು ಇನ್ನು ಕೆಲವರು. ಇಬ್ಬರ ಮಾತೂ ನಿಜ. ಹಾಗಾದರೆ ಪ್ರಶ್ನೆ ಇದು: ತನ್ನನ್ನು ಕಾಯ್ದುಕೊಳ್ಳುತ್ತಿರುವ ಮನಸ್ಸು ಅದೇ ಹೊತ್ತಿಗೆ ಕೇಳಿಸಿಕೊಳ್ಳಲೂ ಬಲ್ಲದೇ?

ಕಾವಲನ್ನೇ ಬಿಟ್ಟುಬಿಡಿ, ಸುಮ್ಮನೆ ಕೇಳಿ ಎಂದು ಉಪದೇಶ ಮಾಡುವುದು ಸುಲಭ. ಆದರೆ ಕಾಯದಿದ್ದರೆ ಕೋಣೆಗಳು ಉರುಳುತ್ತವೆ, ಅವುಗಳ ಜೊತೆ ಸಂಗೀತವೂ ನಿಲ್ಲುತ್ತದೆ. ಕಾವಲು ಬೇಕೇ ಬೇಕು. ಎಂಥ ಕಾವಲು ಎಂಬುದನ್ನು ನೋಡಬೇಕು.

ಗೋಪುರಕ್ಕೆ ಬರುವವರು ಯಾರು ಎಂದು ತಿಳಿಯದು. ಹತ್ತಿರ ಬಂದದ್ದಕ್ಕೆ ಗುಂಡು ಹಾರಿಸುವುದಷ್ಟೇ ಅದರ ಕೆಲಸ. ಆಟದಲ್ಲಿ ಅದು ಸರಿ, ಏಕೆಂದರೆ ಅಲ್ಲಿ ಬರುವವರೆಲ್ಲ ಶತ್ರುಗಳೇ. ಬದುಕಿನಲ್ಲಿ ಹಾಗಿಲ್ಲ. 'ಈಚೆಗೆ ನೀವು ತುಂಬಾ ಸಿಡುಕುತ್ತೀರಿ' ಎಂದು ಮನೆಯಾಕೆ ಹೇಳುತ್ತಾಳೆ. 'ಸರ್, ನಿನ್ನೆ ಬೇರೆ ಥರ ಹೇಳಿದ್ರಲ್ಲ' ಎಂದು ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಲ್ಲುತ್ತಾಳೆ. ಮಾತು ಮುಗಿಯುವ ಮೊದಲೇ ಒಳಗಿನ ಗೋಪುರ ಗುಂಡು ಹಾರಿಸಿರುತ್ತದೆ: 'ಮೊದಲು ನಿನ್ನ ಹೋಂವರ್ಕ್ ತೋರಿಸು.' ಹುಡುಗಿ ಕುಳಿತುಕೊಳ್ಳುತ್ತಾಳೆ. ಮೇಷ್ಟ್ರು ಗೆದ್ದರು. ಆದರೆ ಅವಳು ತಂದಿದ್ದು ಒಂದು ಒಳ್ಳೆಯ ಪ್ರಶ್ನೆ. ಇನ್ನೊಮ್ಮೆ ಅವಳು ಎದ್ದು ನಿಲ್ಲುವಳೇ?

ಸಂಯುತ್ತ ನಿಕಾಯದ ಕಿಂಸುಕ ಸುತ್ತದಲ್ಲಿ ಭಗವಾನ್ ಬುದ್ಧರು ಒಂದು ಗಡಿ ಪಟ್ಟಣದ ಹೋಲಿಕೆ ಕೊಡುತ್ತಾರೆ. ಗಟ್ಟಿಯಾದ ಕೋಟೆ, ಆರು ಬಾಗಿಲು. ಅಲ್ಲೊಬ್ಬ ಜಾಣ ದ್ವಾರಪಾಲಕ. ಅಪರಿಚಿತರನ್ನು ತಡೆಯುತ್ತಾನೆ, ಪರಿಚಿತರನ್ನು ಒಳಗೆ ಬಿಡುತ್ತಾನೆ. ಒಂದು ದಿನ ಇಬ್ಬರು ದೂತರು ವೇಗವಾಗಿ ಬಂದು, ಪಟ್ಟಣದ ಒಡೆಯ ಎಲ್ಲಿ ಎಂದು ಅವನನ್ನೇ ಕೇಳುತ್ತಾರೆ. ಅವನು ತೋರಿಸುತ್ತಾನೆ. ಅವರು ಸತ್ಯವಾದ ಸಂದೇಶವನ್ನು ಒಡೆಯನಿಗೆ ಮುಟ್ಟಿಸಿ ಹೋಗುತ್ತಾರೆ. ಪಟ್ಟಣ ಈ ದೇಹ, ಬಾಗಿಲುಗಳು ಆರು ಇಂದ್ರಿಯಗಳು, ದೂತರು ಶಮಥ ಮತ್ತು ವಿಪಶ್ಯನ. ದ್ವಾರಪಾಲಕನೇ ಸ್ಮೃತಿ, ಅಂದರೆ ಎಚ್ಚರ.

ಆ ಬಾಗಿಲಲ್ಲಿ ದ್ವಾರಪಾಲಕನ ಬದಲು ಒಂದು ಗೋಪುರ ಇದ್ದಿದ್ದರೆ? ವೇಗವಾಗಿ ಬಂದ ದೂತರು ಅಲ್ಲೇ ಬೀಳುತ್ತಿದ್ದರು. ಇವತ್ತು ಎರಡು ಶತ್ರುಗಳನ್ನು ಹೊಡೆದೆವು ಎಂದು ಒಡೆಯ ನೆಮ್ಮದಿಯಿಂದ ಮಲಗುತ್ತಿದ್ದ.

ಒಂದು ಮಾತನ್ನು ಮರೆಯಬಾರದು. ಅವಮಾನ ಮಾಡಲೆಂದೇ ಬರುವ ಮಾತುಗಳೂ ಇವೆ. ತಲೆತಲಾಂತರದಿಂದ ಅಂಥ ಮಾತು ಕೇಳಿದವರ ಎದೆಯಲ್ಲಿ ಗೋಪುರಗಳು ಎದ್ದದ್ದು ಸುಮ್ಮನೆ ಅಲ್ಲ. ಮೈತ್ರಿ ಎಂದರೆ ಬಾಗಿಲು ತೆರೆದಿಟ್ಟು ಮಲಗುವುದಲ್ಲ. ದ್ವಾರಪಾಲಕ ಅವರನ್ನು ಖಂಡಿತ ತಡೆಯುತ್ತಾನೆ. ಆದರೆ ಮುಖ ನೋಡಿ, ದನಿ ಕೇಳಿ, ಗುರುತು ಹಿಡಿದು ತಡೆಯುತ್ತಾನೆ. ಕೇಳಿಸಿಕೊಳ್ಳದೆ ಅವನು ಕಾಯಲಾರ. ಗೋಪುರಕ್ಕೆ ಸಂಗೀತ ಕೇಳಲು ಪುರುಸೊತ್ತಿಲ್ಲ, ನಿಜ. ದ್ವಾರಪಾಲಕನಿಗಾದರೋ ಕೇಳುವುದೇ ಕೆಲಸ.

ಇಂದಿನ ಅಭ್ಯಾಸ: ಯಾರದಾದರೂ ಮಾತು ಚುಚ್ಚಿದಾಗ ಉತ್ತರ ಕೊಡುವ ಮುನ್ನ ಒಂದು ಉಸಿರಿನಷ್ಟು ಹೊತ್ತು ನಿಲ್ಲೋಣ. ಬಂದಿರುವುದು ಹಕ್ಕಿಯೋ, ದೂತನೋ ಎಂದು ಬಾಗಿಲಲ್ಲೇ ವಿಚಾರಿಸೋಣ. ಸಂಜೆ ಮಲಗುವ ಮುನ್ನ ಒಮ್ಮೆ ಎಣಿಸಿ ನೋಡಿ, ಇವತ್ತು ಎಷ್ಟು ದೂತರು ಒಳಗೆ ಬಂದರು ಎಂದು.

ಎಲ್ಲರಿಗೂ ಮಂಗಳವಾಗಲಿ 🙏